ಕರೆಂಟು ಹೋಗಿ ನಿಂತಿದ್ದ ಡ್ರೈಯರ್‌ನಲ್ಲಿ ಟವೆಲುಗಳು ಹೊತ್ತಿಕೊಂಡವು: ಲಾಂಡ್ರಿ ನಡೆಸುವವರ ಸಲಹೆ ಬೇಕು

ಪ್ರಶ್ನೆ: ಲಾಂಡ್ರಿ ಮಾಲೀಕ, ಮೈಸೂರು

ಎಲ್ಲರಿಗೂ ನಮಸ್ಕಾರ. ನಮ್ಮದು ಮಡಿವಾಳ ವೃತ್ತಿಯ ಮನೆತನ. ತಂದೆಯವರು ಕೆಂಡದ ಇಸ್ತ್ರಿಪೆಟ್ಟಿಗೆ ಹಿಡಿದು ಕಟ್ಟಿದ ಅಂಗಡಿಯನ್ನು ನಾನು ಆರು ವರ್ಷಗಳ ಹಿಂದೆ ಬ್ಯಾಂಕಿನ ಸಾಲ ಪಡೆದು ಯಂತ್ರಗಳ ಲಾಂಡ್ರಿಯಾಗಿ ಬದಲಾಯಿಸಿದೆ. ಈಗ ಮೂರು ವಾಷಿಂಗ್ ಮೆಷಿನ್‌ಗಳೂ ಎಲ್‌ಪಿಜಿಯಿಂದ ನಡೆಯುವ ಎರಡು ದೊಡ್ಡ ಡ್ರೈಯರ್‌ಗಳೂ ಇವೆ. ಮನೆಬಟ್ಟೆಗಳ ಜೊತೆಗೆ ಎರಡು ವಸತಿಗೃಹಗಳ ಹಾಸುಹೊದಿಕೆ ಹಾಗೂ ಒಂದು ಆಯುರ್ವೇದ ಚಿಕಿತ್ಸಾಲಯದ ಟವೆಲುಗಳು ದಿನವೂ ಬರುತ್ತವೆ.

ಕಳೆದ ತಿಂಗಳು ಒಂದು ಮಳೆಯ ಸಂಜೆ, ಚಿಕಿತ್ಸಾಲಯದ ಸುಮಾರು ನಲವತ್ತು ಟವೆಲುಗಳು ಡ್ರೈಯರ್‌ನಲ್ಲಿ ಒಣಗುತ್ತಿದ್ದಾಗ, ಇನ್ನೇನು ಮುಗಿಯಬೇಕು ಎನ್ನುವಷ್ಟರಲ್ಲಿ ಕರೆಂಟು ಹೋಯಿತು. ಅರ್ಧ ಗಂಟೆ ಕಾದೆವು. ನಮ್ಮ ಇನ್ವರ್ಟರ್ ದೀಪಗಳಿಗೆ ಮಾತ್ರ ಸಾಕಾಗುವಷ್ಟಿದೆ. ಹೇಗೂ ಟವೆಲುಗಳು ಒಣಗಿವೆ, ಬೆಳಿಗ್ಗೆ ಬಂದು ಮಡಚಿದರಾಯಿತು ಎಂದು ಹುಡುಗರಿಗೆ ಹೇಳಿ, ಗ್ಯಾಸಿನ ವಾಲ್ವ್ ಮುಚ್ಚಿ, ಒಂಬತ್ತಕ್ಕೆ ಷಟರ್ ಎಳೆದೆ. ಹತ್ತೂವರೆಯ ಹೊತ್ತಿಗೆ ಮೇಲಿನ ಮನೆಯವರು ಫೋನ್ ಮಾಡಿ, ನಿಮ್ಮ ಹೊಗೆಕೊಳವೆಯಿಂದ ಎಣ್ಣೆ ಸೀದ ವಾಸನೆ ಬರುತ್ತಿದೆ ಎಂದರು. ನಾನು ಬಂದು ಷಟರ್ ಎತ್ತಿದಾಗ ಬೆಂಕಿ ಕಾಣಲಿಲ್ಲ. ಹಳದಿ ಛಾಯೆಯ ದಟ್ಟ ಹೊಗೆ ಮಾತ್ರ ಇತ್ತು. ಟವೆಲುಗಳನ್ನು ಉಳಿಸಿಕೊಳ್ಳಬಹುದೆಂದು ಡ್ರೈಯರ್‌ನ ಬಾಗಿಲು ತೆರೆದೆ. ತೆರೆದ ಕ್ಷಣವೇ ಒಳಗಿನ ರಾಶಿ ಭಗ್ಗನೆ ಹತ್ತಿಕೊಂಡು ಜ್ವಾಲೆ ಮುಖದವರೆಗೆ ಬಂದಿತು. ಪೌಡರಿನ ಅಗ್ನಿಶಾಮಕ ಸಿಲಿಂಡರನ್ನು ಪೂರ್ತಿ ಖಾಲಿ ಮಾಡಿದೆ, ಜ್ವಾಲೆ ಆರಿತು. ಕಬ್ಬಿಣದ ಕೋಲಿನಿಂದ ಟವೆಲುಗಳನ್ನು ನೆಲಕ್ಕೆಳೆದೆ. ಹತ್ತು ನಿಮಿಷದಲ್ಲಿ ಆ ಗುಡ್ಡೆ ಮತ್ತೆ ಉರಿಯಿತು. ಕೊನೆಗೆ ಅಗ್ನಿಶಾಮಕ ದಳದವರು ಬಂದು ನೀರು ಹಾಯಿಸಿದ ಮೇಲೆಯೇ ಪೂರ್ತಿ ಆರಿದ್ದು. ಯಾರಿಗೂ ಏನೂ ಆಗಲಿಲ್ಲ. ಆದರೆ ಒಂದು ಡ್ರೈಯರ್, ಛಾವಣಿಯ ವೈರಿಂಗ್, ಮತ್ತು ಪಕ್ಕದ ಕಪಾಟಿನಲ್ಲಿದ್ದ ಗಿರಾಕಿಗಳ ಬಟ್ಟೆ ಹಾಳಾದವು. ಅವುಗಳಲ್ಲಿ ಒಬ್ಬರ ಮದುವೆಯ ರೇಷ್ಮೆ ಸೀರೆಯೂ ಇತ್ತು.

ಮರುದಿನ ಆ ಗುಡ್ಡೆಯನ್ನು ಬಿಡಿಸಿ ನೋಡಿದಾಗ ಕಂಡದ್ದು ನನ್ನನ್ನು ಇನ್ನೂ ಕಾಡುತ್ತಿದೆ. ಹೊರಸುತ್ತಿನ ಟವೆಲುಗಳು ಅಲ್ಲಲ್ಲಿ ಕಂದು ಬಣ್ಣಕ್ಕೆ ತಿರುಗಿದ್ದವು, ಕೆಲವು ಬಿಳಿಯಾಗಿಯೇ ಉಳಿದಿದ್ದವು, ನಟ್ಟನಡುವಿನವು ಇದ್ದಿಲಾಗಿದ್ದವು. ಡ್ರೈಯರ್ ಮಾರಿದವರ ಕಡೆಯ ತಂತ್ರಜ್ಞರು, ಲಿಂಟ್ (ಬಟ್ಟೆಯಿಂದ ಉದುರುವ ನವಿರು ನೂಲಿನ ಎಳೆ) ಹಿಡಿಯುವ ಜಾಲರಿ ಶುಚಿ ಮಾಡದಿದ್ದರೆ ಹೀಗೆಯೇ ಆಗುತ್ತದೆ ಎಂದು ಹೇಳಿ ಹೋದರು. ಆ ಜಾಲರಿಯನ್ನು ಅಂದು ಮಧ್ಯಾಹ್ನ ನನ್ನ ಕೈಯಾರೆ ಶುಚಿ ಮಾಡಿದ್ದೆ. ಕರೆಂಟಿಲ್ಲ, ಗ್ಯಾಸಿಲ್ಲ, ಕಿಡಿಯಿಲ್ಲ. ಒಂದೂವರೆ ಗಂಟೆಯ ಮೇಲೆ ಬೆಂಕಿ ಎಲ್ಲಿಂದ ಬಂತು? ಇನ್ನು ಮುಂದೆ ಏನು ಮಾಡಬೇಕು? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ 1: ಹೋಟೆಲ್ ಲಾಂಡ್ರಿ ಮೇಲ್ವಿಚಾರಕ, ಮಂಗಳೂರು

ಯಾರಿಗೂ ಗಾಯವಾಗಲಿಲ್ಲ ಎಂದು ಓದಿ ಸಮಾಧಾನವಾಯಿತು. ನಿಮ್ಮ ಪ್ರಶ್ನೆಗೆ ಉತ್ತರ ನೀವೇ ಬರೆದ ಒಂದು ವಾಕ್ಯದಲ್ಲಿದೆ: ಹೊರಗಿನವು ಬಿಳಿ, ನಡುವಿನವು ಇದ್ದಿಲು. ಹೊರಗಿನಿಂದ ಕಿಡಿ ಬಿದ್ದಿದ್ದರೆ ಸುಡುವುದು ಹೊರಗಿನಿಂದ ಒಳಕ್ಕೆ. ಇಲ್ಲಿ ರಾಶಿಯ ಹೊಟ್ಟೆಯಲ್ಲೇ ಬೆಂಕಿ ಹುಟ್ಟಿದೆ, ಮತ್ತು ಅದನ್ನು ಹುಟ್ಟಿಸಿದ್ದು ಟವೆಲುಗಳಲ್ಲಿ ಉಳಿದಿದ್ದ ಎಣ್ಣೆ.

ಚಿಕಿತ್ಸಾಲಯಗಳಲ್ಲಿ ಬಳಸುವ ಮಹಾನಾರಾಯಣ ತೈಲ, ಧನ್ವಂತರ ತೈಲ, ಕ್ಷೀರಬಲಾ ತೈಲ ಇವೆಲ್ಲವುಗಳ ಮೂಲದ್ರವ್ಯ ಸಾಮಾನ್ಯವಾಗಿ ಎಳ್ಳೆಣ್ಣೆ. ಎಳ್ಳೆಣ್ಣೆ, ಸೂರ್ಯಕಾಂತಿ ಎಣ್ಣೆ, ಅಗಸೆ ಎಣ್ಣೆಗಳಂಥವು ಗಾಳಿಯಲ್ಲಿರುವ ಆಮ್ಲಜನಕದೊಂದಿಗೆ ನಿಧಾನವಾಗಿ ಸೇರುತ್ತವೆ, ಹಾಗೆ ಸೇರುವಾಗ ಶಾಖ ಹೊರಬರುತ್ತದೆ. ಬಾಟಲಿಯಲ್ಲಿರುವ ಎಣ್ಣೆಗೆ ಗಾಳಿ ತಾಗುವುದು ಮೇಲ್ಮೈಯಲ್ಲಿ ಮಾತ್ರ. ಟವೆಲಿನ ಸಾವಿರಾರು ನೂಲಿನ ಕುಣಿಕೆಗಳ ಮೇಲೆ ತೆಳ್ಳಗೆ ಹರಡಿದ ಎಣ್ಣೆಗೆ ಎಲ್ಲ ಕಡೆಯಿಂದಲೂ ತಾಗುತ್ತದೆ. ತಣ್ಣಗಿನ ಬಟ್ಟೆಯನ್ನು ಹರವಿ ಹಾಕಿದ್ದರೆ ಆ ಅಲ್ಪ ಶಾಖ ಗಾಳಿಗೆ ಹೋಗಿಬಿಡುತ್ತದೆ. ಬಟ್ಟೆ ಬಿಸಿಯಾಗಿದ್ದು, ರಾಶಿಯಾಗಿ ಬಿದ್ದಿದ್ದು, ಸುತ್ತ ಗಾಳಿಯಾಡದಿದ್ದರೆ ಶಾಖ ಒಳಗೇ ಸಿಕ್ಕಿಕೊಳ್ಳುತ್ತದೆ. ಬಿಸಿ ಏರಿದಷ್ಟೂ ಆ ಕ್ರಿಯೆ ಚುರುಕಾಗುತ್ತದೆ, ಚುರುಕಾದಷ್ಟೂ ಬಿಸಿ ಏರುತ್ತದೆ. ನಮ್ಮ ಊರಿನ ರೈತರು ಹಸಿ ಹುಲ್ಲನ್ನು ಬಣವೆ ಒಟ್ಟುವುದಿಲ್ಲವಲ್ಲ, ಅಲ್ಲಿ ಬಿಸಿಯನ್ನು ಶುರು ಮಾಡುವುದು ಸೂಕ್ಷ್ಮಜೀವಿಗಳು ಎಂಬ ವ್ಯತ್ಯಾಸ ಬಿಟ್ಟರೆ, ಒಳಗೆ ಸೇರಿದ ಕಾವು ಹೊರಬರಲಾಗದೆ ಬೆಂಕಿಯಾಗುವ ರೀತಿ ಎರಡರಲ್ಲೂ ಒಂದೇ.

ಹಾಗಾಗಿ ಡ್ರೈಯರ್ ತಿರುಗುತ್ತಿರುವಾಗ ಎಣ್ಣೆಬಟ್ಟೆಯ ಅಪಾಯ ಕಡಿಮೆ, ನಿಂತ ಮೇಲೆ ಹೆಚ್ಚು. ಪ್ರತಿ ಸುತ್ತಿನ ಕೊನೆಯಲ್ಲಿ ಬರ್ನರ್ ಆರಿ, ಬರೀ ಗಾಳಿಯಲ್ಲಿ ಡ್ರಮ್ ತಿರುಗುವ ತಣಿಸುವ ಹಂತವಿರುತ್ತದೆ. ಅದು ಬಟ್ಟೆ ಮುದುರದಿರಲಿ ಎಂಬುದಕ್ಕಷ್ಟೇ ಇದೆಯೆಂದು ಬಹಳ ಜನ ಭಾವಿಸಿ, ಗಡಿಬಿಡಿಯ ದಿನಗಳಲ್ಲಿ ಆ ಹಂತವನ್ನೇ ಕಡಿತ ಮಾಡುತ್ತಾರೆ. ಡ್ರೈಯರ್‌ಗಳ ಕೈಪಿಡಿಗಳಲ್ಲಿ ಸ್ಪಷ್ಟವಾಗಿ ಬರೆದಿರುತ್ತದೆ: ಸುತ್ತು ಮುಗಿಯುವ ಮುನ್ನ ನಿಲ್ಲಿಸಬಾರದು, ನಿಲ್ಲಿಸಲೇಬೇಕಾದರೆ ಬಟ್ಟೆಗಳನ್ನೆಲ್ಲ ಕೂಡಲೇ ಹೊರತೆಗೆದು, ಶಾಖ ಹೋಗುವಂತೆ ಹರಡಬೇಕು. ಅಂದು ನಿಮ್ಮ ಡ್ರೈಯರನ್ನು ನಿಲ್ಲಿಸಿದ್ದು ಕರೆಂಟು. ನಮ್ಮ ನಾಡಿನ ಲಾಂಡ್ರಿಗಳಿಗೆ ಈ ಮಾತು ಎಲ್ಲಕ್ಕಿಂತ ಮುಖ್ಯ, ಏಕೆಂದರೆ ಕರೆಂಟು ಹೋಗುವುದು ನಮಗೆ ಅಪರೂಪದ ಸಂಗತಿಯಲ್ಲ. ಗ್ಯಾಸ್ ವಾಲ್ವ್ ತಾನಾಗಿ ಮುಚ್ಚಿಕೊಳ್ಳುತ್ತದೆ ಎಂಬ ನಂಬಿಕೆಯಲ್ಲಿ ನಾವು ನಿಶ್ಚಿಂತರಾಗುತ್ತೇವೆ, ಒಳಗಿನ ಬಟ್ಟೆಯ ಯೋಚನೆ ಮಾಡುವುದಿಲ್ಲ.

ನಮ್ಮಲ್ಲಿ ನಡೆದುಕೊಂಡು ಬಂದಿರುವ ಪದ್ಧತಿಯನ್ನು ಹೇಳುತ್ತೇನೆ. ಡ್ರೈಯರ್ ನಡೆಯುತ್ತಿರುವಾಗ ಕರೆಂಟು ಹೋದರೆ, ಎರಡು ನಿಮಿಷದೊಳಗೆ ಜನರೇಟರ್ ಹಿಡಿಯದಿದ್ದರೆ, ಬಟ್ಟೆ ಹಸಿಯಿರಲಿ ಒಣಗಿರಲಿ, ಬಾಗಿಲು ತೆರೆದು ಎಲ್ಲವನ್ನೂ ಹೊರತೆಗೆದು ಹಗ್ಗದ ಮೇಲೋ ಮೇಜಿನ ಮೇಲೋ ಬಿಡಿಬಿಡಿಯಾಗಿ ಹರವುತ್ತೇವೆ. ಹೊಗೆಯಾಗಲಿ ಸೀದ ವಾಸನೆಯಾಗಲಿ ಇದ್ದರೆ ಮಾತ್ರ ತೆರೆಯುವುದಿಲ್ಲ. ಇನ್ನೊಂದು ದಾರಿಯೂ ಇದೆ. ಡ್ರಮ್ ಮತ್ತು ಬ್ಲೋವರ್‌ಗಳ (ಒಳಗೆ ಗಾಳಿ ಹಾಯಿಸುವ ಫ್ಯಾನ್) ಮೋಟರುಗಳು ಹೆಚ್ಚು ಕರೆಂಟು ಎಳೆಯುವುದಿಲ್ಲ. ಶಾಖ ಆರಿಸಿಟ್ಟು ಇವೆರಡನ್ನು ಮಾತ್ರ ಹತ್ತು ಹದಿನೈದು ನಿಮಿಷ ತಿರುಗಿಸಲು ಸಣ್ಣ ಜನರೇಟರ್ ಸಾಕಾಗಬಹುದು. ಇದನ್ನು ಡ್ರೈಯರ್‌ನ ವೈರಿಂಗ್ ಬಲ್ಲವರಿಂದಲೇ ಮಾಡಿಸಿ.

ಇನ್ನು ತೊಳೆಯುವ ವಿಷಯ. ತಣ್ಣೀರಿನಲ್ಲಿ ಎಷ್ಟೇ ಸೋಪು ಹಾಕಿದರೂ ತೈಲ ಬಿಡುವುದಿಲ್ಲ. ಎಣ್ಣೆ ಟವೆಲುಗಳನ್ನು ಬೇರೆಯೇ ಇಟ್ಟು, ಮೆಷಿನ್ನನ್ನು ಮುಕ್ಕಾಲು ಭಾಗ ಮಾತ್ರ ತುಂಬಿ, 60ರಿಂದ 70 ಡಿಗ್ರಿ ಬಿಸಿನೀರಿನಲ್ಲಿ ವಾಷಿಂಗ್ ಸೋಡಾ ಮತ್ತು ಎಣ್ಣೆ ಬಿಡಿಸುವ ದ್ರಾವಣ ಹಾಕಿ ಎರಡು ಸಲ ತೊಳೆಯುತ್ತೇವೆ. ಹಲವು ತಿಂಗಳು ಬಳಸಿದ ಟವೆಲಿನಲ್ಲಿ ಹಳೆಯ ಎಣ್ಣೆ ಅಂಟಾಗಿ ಗಟ್ಟಿಯಾಗಿರುತ್ತದೆ, ಅದು ಯಾವ ತೊಳೆತಕ್ಕೂ ಹೋಗುವುದಿಲ್ಲ. ಪರೀಕ್ಷೆ ಸುಲಭವಾಗಿದೆ: ತೊಳೆದು ಒಣಗಿದ ಟವೆಲನ್ನು ಕಂದು ಕಾಗದದ ಮೇಲಿಟ್ಟು ಬಿಸಿ ಇಸ್ತ್ರಿಪೆಟ್ಟಿಗೆಯನ್ನು ಅರ್ಧ ನಿಮಿಷ ಒತ್ತಿ, ಕಾಗದವನ್ನು ಬೆಳಕಿಗೆ ಹಿಡಿಯಿರಿ. ಬೋಂಡಾ ಕಟ್ಟಿದ ಕಾಗದದಂತೆ ಪಾರದರ್ಶಕ ಕಲೆ ಕಂಡರೆ ಅಥವಾ ಒತ್ತುವಾಗ ಕಮಟು ವಾಸನೆ ಬಂದರೆ ಆ ಟವೆಲನ್ನು ಡ್ರೈಯರ್‌ಗೆ ಹಾಕಬೇಡಿ. ನಾವು ಅಂಥವನ್ನು ಹಿಂದಿರುಗಿಸಿ, ಬದಲಾಯಿಸಿಕೊಳ್ಳಿ ಎಂದು ಕೇಳುತ್ತೇವೆ.

ತಣ್ಣಗಾಗದ ಬಟ್ಟೆಯನ್ನು ಮಡಚಿ ಮೂಟೆ ಕಟ್ಟಿದರೂ ಇದೇ ಅಪಾಯ. ಡ್ರೈಯರ್‌ನಿಂದ ಸುರಕ್ಷಿತವಾಗಿ ಹೊರಬಂದ ಬಟ್ಟೆ ಬುಟ್ಟಿಯಲ್ಲೋ ವ್ಯಾನಿನಲ್ಲೋ ಹೊತ್ತಿಕೊಂಡೀತು. ರಾಶಿಯ ನಡುವೆ ಕೈಹಾಕಿದಾಗ ಮೈಬಿಸಿಗಿಂತ ಹೆಚ್ಚು ಬಿಸಿ ತಾಗಬಾರದು, ಇಷ್ಟನ್ನು ಹುಡುಗರಿಗೆ ಕಲಿಸಿ.

ಉತ್ತರ 2: ಯಂತ್ರಗಳ ದುರಸ್ತಿ ಕೆಲಸದವರು, ಬೆಂಗಳೂರು

ಮೇಲಿನ ಉತ್ತರವನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ಆದರೂ ಲಿಂಟ್ ವಿಷಯವನ್ನು ಅಲ್ಲಗಳೆಯಬೇಡಿ. ಜಾಲರಿ ಶುಚಿಯಾಗಿತ್ತು ಎಂಬ ಮಾತ್ರಕ್ಕೆ ಯಂತ್ರ ಶುಚಿಯಾಗಿತ್ತು ಎಂದಾಗುವುದಿಲ್ಲ. ಹದಿನೈದು ವರ್ಷಗಳಿಂದ ಡ್ರೈಯರ್‌ಗಳ ಹಿಂಬದಿಯ ತಗಡು ಬಿಚ್ಚುತ್ತಾ ಬಂದಿದ್ದೇನೆ. ಜಾಲರಿಯನ್ನು ದಿನಕ್ಕೆರಡು ಸಲ ತೆಗೆಯುವ ಅಂಗಡಿಗಳಲ್ಲೂ ಡ್ರಮ್ಮಿನ ಹಿಂದೆ, ಬ್ಲೋವರ್ ರೆಕ್ಕೆಗಳ ಮೇಲೆ, ಬರ್ನರ್ ಪೆಟ್ಟಿಗೆಯ ಮೂಲೆಗಳಲ್ಲಿ ಬೂದು ಬಣ್ಣದ ಹತ್ತಿಯಂಥ ಪದರ ಕಂಡಿದ್ದೇನೆ. ಬರ್ನರ್ ಕಡೆಗೆ ಇರುವ ಲಿಂಟ್ ಕಂದು ಬಣ್ಣಕ್ಕೆ ತಿರುಗಿದ್ದು, ಮುಟ್ಟಿದರೆ ಪುಡಿಯಾಗುವಂತಿದ್ದರೆ, ಅದು ಈಗಾಗಲೇ ಹಲವು ಸಲ ಸೀದಿದೆ ಎಂದು ತಿಳಿಯಿರಿ. ನಿಮ್ಮ ಉಳಿದ ಒಂದು ಡ್ರೈಯರನ್ನು ಮತ್ತೆ ಚಾಲನೆ ಮಾಡುವ ಮೊದಲು ಈ ಜಾಗವನ್ನೆಲ್ಲ ವ್ಯಾಕ್ಯೂಮ್‌ನಿಂದ ಶುಚಿ ಮಾಡಿಸಿ. ಗಾಳಿ ಊದುವ ಯಂತ್ರದಿಂದ ಊದಿಸಿದರೆ ಆ ಲಿಂಟ್ ಮೋಟರಿನೊಳಗೆ ಹೋಗಿ ಕೂರುತ್ತದೆ.

ಹೊಗೆಕೊಳವೆಯ ಬಗ್ಗೆಯೂ ಹೇಳಬೇಕು. ಅದು ಗಟ್ಟಿ ಲೋಹದ್ದಾಗಿರಬೇಕು, ಒಳಮೈ ನುಣುಪಾಗಿರಬೇಕು, ತಿರುವುಗಳು ಕಡಿಮೆಯಿರಬೇಕು. ಸುರುಳಿಯಂತೆ ಬಗ್ಗುವ ಪ್ಲಾಸ್ಟಿಕ್ ಅಥವಾ ತೆಳು ಲೋಹದ ಹಾಳೆಯ ಕೊಳವೆಯನ್ನು ಯಾವ ಕಾರಣಕ್ಕೂ ಬಳಸಬೇಡಿ. ಅದರ ಪ್ರತಿ ಮಡಿಕೆಯಲ್ಲೂ ಲಿಂಟ್ ನಿಲ್ಲುತ್ತದೆ. ಜೋಡಣೆಗೆ ಹಾಕಿದ ಸ್ಕ್ರೂಗಳ ಮೊನೆ ಒಳಗೆ ಚಾಚಿಕೊಂಡಿದ್ದರೆ ಮೊದಲ ಎಳೆ ಅಲ್ಲಿ ಸಿಕ್ಕಿ, ವರ್ಷದೊಳಗೆ ಒಂದು ಉಂಡೆಯೇ ಬೆಳೆಯುತ್ತದೆ. ಪಾರಿವಾಳಗಳು ಬರುತ್ತವೆಂದು ಕೊಳವೆಯ ಬಾಯಿಗೆ ಸಣ್ಣ ಕಣ್ಣಿನ ಬಲೆ ಬಿಗಿಯುವುದನ್ನು ಬೆಂಗಳೂರಿನಲ್ಲಿ ಬಹಳ ಕಡೆ ನೋಡುತ್ತೇನೆ. ಕೆಲವೇ ವಾರಗಳಲ್ಲಿ ಆ ಬಲೆ ಕಂಬಳಿಯಂತೆ ಮುಚ್ಚಿಕೊಳ್ಳುತ್ತದೆ. ಗಾಳಿ ಬಂದಾಗ ತೆರೆದು ನಿಂತಾಗ ಮುಚ್ಚುವ ರೆಕ್ಕೆಬಾಗಿಲು ಹಾಕಿಸುವುದು ಸರಿಯಾದ ಕ್ರಮ. ಮುಂಚೆ ನಲವತ್ತು ನಿಮಿಷಕ್ಕೆ ಒಣಗುತ್ತಿದ್ದ ಬಟ್ಟೆ ಈಗ ಒಂದು ಗಂಟೆ ತೆಗೆದುಕೊಳ್ಳುತ್ತಿದೆ ಎಂದು ಗೊಣಗುವ ಮಾಲೀಕರಿಗೆ ನಾನು ಮೊದಲು ಹೇಳುವುದು, ಕೊಳವೆ ನೋಡಿಸಿ ಎಂದು.

ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಅತಿಯಾದ ಬಿಸಿಗೆ ಯಂತ್ರವನ್ನು ನಿಲ್ಲಿಸುವ ಥರ್ಮೋಸ್ಟಾಟ್ ಮತ್ತು ಗಾಳಿಯ ಹರಿವು ಕಡಿಮೆಯಾದರೆ ಬರ್ನರ್ ಆರಿಸುವ ಸ್ವಿಚ್ ಪದೇ ಪದೇ ಬಿದ್ದರೆ, ಕೆಲಸ ನಿಲ್ಲಬಾರದೆಂದು ಅವುಗಳನ್ನು ತಂತಿಯಿಂದ ಬೈಪಾಸ್ ಮಾಡಿಕೊಡುವವರಿದ್ದಾರೆ. ಅಂಥ ಡ್ರೈಯರನ್ನು ಕಂಡರೆ ನಾನು ಮೊದಲು ಆ ತಂತಿ ಕಿತ್ತು ಆಮೇಲೆ ಮಾತನಾಡುತ್ತೇನೆ. ನಿಮ್ಮ ಯಂತ್ರದಲ್ಲಿ ಹಾಗೇನಾದರೂ ಆಗಿತ್ತೇ ಎಂದು ಸುಟ್ಟ ಡ್ರೈಯರನ್ನು ಗುಜರಿಗೆ ಹಾಕುವ ಮುನ್ನ ಪರೀಕ್ಷೆ ಮಾಡಿಸಿ.

ಗ್ಯಾಸಿನ ಮುಖ್ಯ ವಾಲ್ವ್ ಡ್ರೈಯರ್‌ನ ಹಿಂದೆ ಇದ್ದರೆ ಬೆಂಕಿಯ ಹೊತ್ತಿನಲ್ಲಿ ಅದು ನಿಮ್ಮ ಕೈಗೆ ಸಿಗುವುದಿಲ್ಲ. ಅದನ್ನು ಬಾಗಿಲ ಬಳಿಗೆ ಅಥವಾ ಹೊರಗೋಡೆಗೆ ತನ್ನಿ. ಎಲ್‌ಪಿಜಿ ಗಾಳಿಗಿಂತ ಭಾರವಾದ್ದರಿಂದ ಸೋರಿದರೆ ನೆಲಮಟ್ಟದಲ್ಲಿಯೇ ಹರಡಿಕೊಳ್ಳುತ್ತದೆ. ಸೋರಿಕೆ ಹಿಡಿಯುವ ಉಪಕರಣವನ್ನು ನೆಲದಿಂದ ಒಂದಡಿಯೊಳಗೆ ಕೂರಿಸಿ.

ಉತ್ತರ 3: ಲಾಂಡ್ರೊಮ್ಯಾಟ್ ನಡೆಸುವವರು, ನ್ಯೂ ಜೆರ್ಸಿ

ನಾನು ಮೂಲತಃ ಹಾಸನದವನು. ಇಲ್ಲಿ ಎಡಿಸನ್ ಬಳಿ ಗಿರಾಕಿಗಳೇ ಬಂದು ಒಗೆದುಕೊಂಡು ಹೋಗುವ ಲಾಂಡ್ರೊಮ್ಯಾಟ್ ನಡೆಸುತ್ತೇನೆ. ಇಲ್ಲಿಯ ಕೇಂದ್ರ ಸರ್ಕಾರದ ಅಗ್ನಿಶಾಮಕ ಸಂಸ್ಥೆಯ ಲೆಕ್ಕದ ಪ್ರಕಾರ 2008ರಿಂದ 2010ರ ಅವಧಿಯಲ್ಲಿ ಅಮೆರಿಕದ ವಸತಿ ಕಟ್ಟಡಗಳಲ್ಲಿ ವರ್ಷಕ್ಕೆ ಸುಮಾರು 2,900 ಡ್ರೈಯರ್ ಬೆಂಕಿಗಳು ದಾಖಲಾಗಿದ್ದವು, ಅವುಗಳ ಕಾರಣಗಳಲ್ಲಿ ಮೊದಲ ಸ್ಥಾನ, ಶೇಕಡಾ 34, ಶುಚಿ ಮಾಡದೆ ಬಿಟ್ಟದ್ದಕ್ಕೆ. ಅವು ಮನೆಗಳ ಲೆಕ್ಕ. ನಮ್ಮಂಥ ಅಂಗಡಿಗಳಲ್ಲಿ ಕಷ್ಟ ಬೇರೆ ರೀತಿಯದು: ಡ್ರಮ್ಮಿನೊಳಗೆ ಯಾರು ಏನು ಹಾಕುತ್ತಾರೆಂದು ಮಾಲೀಕನಿಗೆ ತಿಳಿಯುವುದಿಲ್ಲ. ರೆಸ್ಟೋರೆಂಟಿನ ಅಡುಗೆಮನೆಯ ಒರೆಸುಬಟ್ಟೆ, ಗ್ಯಾರೇಜಿನ ಚಿಂದಿ, ರಬ್ಬರ್ ತಳವಿರುವ ಸ್ನಾನದ ಮನೆಯ ಮ್ಯಾಟ್, ಫೋಮ್ ತುಂಬಿದ ದಿಂಬು, ಎಲ್ಲವೂ ಬರುತ್ತವೆ. ಫೋಮ್ ರಬ್ಬರು ಬಿಸಿಯಲ್ಲಿ ತಾನಾಗಿಯೇ ಹೊತ್ತಿಕೊಳ್ಳಬಲ್ಲದು, ಆದ್ದರಿಂದ ಅದನ್ನು ಗಾಳಿಗೆ ಒಣಗಿಸಬೇಕೇ ಹೊರತು ಶಾಖಕ್ಕಲ್ಲ. ನಾನು ಚಿತ್ರಗಳ ಸಮೇತ ಫಲಕ ಹಾಕಿದ್ದೇನೆ. ಅದಕ್ಕಿಂತ ಹೆಚ್ಚಾಗಿ, ಕೊನೆಯ ಡ್ರೈಯರ್ ನಿಂತು ಬರಿದಾಗಿ, ಪ್ರತಿಯೊಂದು ಡ್ರಮ್ಮಿನಲ್ಲಿಯೂ ಕೈಯಾಡಿಸಿ ನೋಡಿದ ಮೇಲೆಯೇ ಬೀಗ ಹಾಕುತ್ತೇನೆ. ಬಟ್ಟೆ ಒಳಗಿರುವಾಗ ಬೀಗ ಹಾಕಬಾರದೆಂಬ ಒಂದೇ ನಿಯಮವನ್ನು ನೀವು ಅಂದು ಪಾಲಿಸಿದ್ದರೂ ಈ ಅನಾಹುತ ತಪ್ಪುತ್ತಿತ್ತು. ನೋಯಿಸಲು ಹೇಳುತ್ತಿಲ್ಲ, ನಾನೂ ಮೊದಲ ವರ್ಷ ಹಾಗೆಯೇ ಬಿಟ್ಟು ಹೋಗುತ್ತಿದ್ದೆ.

ಹೊಗೆ ಕಂಡ ಮೊದಲ ನಿಮಿಷಗಳ ಬಗ್ಗೆ ಯಾರೂ ಹೆಚ್ಚು ಬರೆದಿಲ್ಲ, ಆದ್ದರಿಂದ ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಬಾಗಿಲು ತೆರೆಯಬೇಡಿ. ಮುಚ್ಚಿದ ಡ್ರಮ್ಮಿನಲ್ಲಿ ಬಟ್ಟೆ ಬಿಸಿಯಾಗಿದ್ದು ಗಾಳಿಗಾಗಿ ಕಾಯುತ್ತಿರುತ್ತದೆ. ನೀವು ತೆರೆದಾಗ ಅದಕ್ಕೆ ಬೇಕಾದದ್ದು ಸಿಕ್ಕಿತು, ಅದಕ್ಕೇ ಜ್ವಾಲೆ ಮುಖಕ್ಕೆ ಬಂದಿತು. ಡ್ರೈಯರ್ ನಡೆಯುತ್ತಿದ್ದರೆ ತುರ್ತು ಗುಂಡಿಯಿಂದ ನಿಲ್ಲಿಸಿ, ಏಕೆಂದರೆ ಬ್ಲೋವರ್ ಬೆಂಕಿಗೆ ಗಾಳಿ ಊದುವುದಲ್ಲದೆ ಕಿಡಿಗಳನ್ನು ಕೊಳವೆಯೊಳಕ್ಕೆ ಎಳೆಯುತ್ತದೆ. ಜನರನ್ನು ಹೊರಗೆ ಕಳುಹಿಸಿ, ಮುಖ್ಯ ಸ್ವಿಚ್ ಮತ್ತು ಗ್ಯಾಸ್ ಎರಡನ್ನೂ ಬಂದ್ ಮಾಡಿ, ಅಲ್ಲಿಂದಲೇ 101ಕ್ಕೋ 112ಕ್ಕೋ ಕರೆ ಮಾಡಿ. ಹೊಗೆ ಸಣ್ಣದೆಂದು ಕರೆಯನ್ನು ಮುಂದೂಡಬೇಡಿ. ಬೆಂಕಿ ಕೊಳವೆಗೆ ಹಬ್ಬಿದ್ದರೆ ಅದು ಛಾವಣಿಯ ಮೇಲೆ ಕಾಣುತ್ತದೆಯೇ ಹೊರತು ನಿಮ್ಮ ಕಣ್ಣೆದುರಿಗಲ್ಲ.

ಪೌಡರ್ ಹಾಕಿದ ಮೇಲೂ ಏಕೆ ಮತ್ತೆ ಉರಿಯಿತು ಎಂಬುದಕ್ಕೆ ಕಾರಣ ಇಷ್ಟೇ. ಪೌಡರಾಗಲಿ ಇಂಗಾಲದ ಡೈಆಕ್ಸೈಡ್ ಆಗಲಿ ಜ್ವಾಲೆಯನ್ನು ಅಡಗಿಸುತ್ತವೆ, ಗುಡ್ಡೆಯ ಒಳಗಿನ ಕೆಂಡವನ್ನು ತಣ್ಣಗಾಗಿಸುವುದಿಲ್ಲ. ತಣಿಸಲು ನೀರೇ ಬೇಕು, ಅದೂ ಕರೆಂಟು ಪೂರ್ತಿ ಕಡಿದ ಮೇಲೆ, ಮತ್ತು ಗುಡ್ಡೆಯನ್ನು ಬಿಡಿಸಿ ಬಿಡಿಸಿ ನೆನೆಸಬೇಕು. ಅದನ್ನು ಅಗ್ನಿಶಾಮಕ ದಳದವರಿಗೇ ಬಿಡುವುದು ಒಳ್ಳೆಯದು. ಹೊಸ ಡ್ರೈಯರ್ ಕೊಳ್ಳುವುದಾದರೆ, ಡ್ರಮ್ಮಿನ ತಾಪಮಾನ ಅಸಹಜವಾಗಿ ಏರಿದಾಗ ಒಳಗೇ ನೀರು ಚಿಮ್ಮಿಸುವ ವ್ಯವಸ್ಥೆ ಇರುವ ಮಾದರಿಗಳನ್ನು ವಿಚಾರಿಸಿ. ಅದಕ್ಕೆ ನೀರಿನ ಸಂಪರ್ಕವೂ ಕರೆಂಟೂ ಸದಾ ಇರಬೇಕಾಗುತ್ತದೆ, ಆದ್ದರಿಂದ ನಿಮ್ಮಲ್ಲಿ ಬ್ಯಾಟರಿಯ ಆಸರೆ ಕೊಡಲೇಬೇಕು.

ಪ್ರಶ್ನೆ ಕೇಳಿದವರು

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಕಂದು ಕಾಗದದ ಪರೀಕ್ಷೆ ಮಾಡಿದೆ. ಚಿಕಿತ್ಸಾಲಯದ ಹತ್ತು ಟವೆಲುಗಳಲ್ಲಿ ಏಳಕ್ಕೆ ಕಲೆ ಬಂದಿತು, ಎರಡರಿಂದ ಕಮಟು ವಾಸನೆಯೂ ಬಂದಿತು. ಇವನ್ನೇ ನಾವು ತಿಂಗಳುಗಟ್ಟಲೆ ಒಣಗಿಸುತ್ತಿದ್ದೆವು ಎಂದು ನೆನೆದರೆ ಎದೆ ನಡುಗುತ್ತದೆ. ಉಳಿದ ಡ್ರೈಯರ್‌ನ ಹಿಂಬದಿಯ ತಗಡು ಬಿಚ್ಚಿಸಿದಾಗ ಎರಡು ಬಕೆಟ್ ಲಿಂಟ್ ಸಿಕ್ಕಿತು.

ಇನ್ನೊಂದು ಸಂದೇಹವಿದೆ. ವಿಮೆಯವರು ಕಟ್ಟಡ ಮತ್ತು ವೈರಿಂಗ್‌ನ ನಷ್ಟಕ್ಕೆ ಅರ್ಜಿ ಸ್ವೀಕರಿಸಿದ್ದಾರೆ, ಆದರೆ ಟವೆಲುಗಳಿಗೂ ಗಿರಾಕಿಗಳ ಬಟ್ಟೆಗಳಿಗೂ ಹಣ ಬರುವುದಿಲ್ಲ ಎನ್ನುತ್ತಿದ್ದಾರೆ. ಇದು ಸರಿಯೇ?

ಉತ್ತರ 4: ವಿಮಾ ನಷ್ಟ ಅಂದಾಜಿನ ಕೆಲಸದವರು, ಹುಬ್ಬಳ್ಳಿ

ನಿಮ್ಮ ಪಾಲಿಸಿಯ ಪ್ರತಿಯನ್ನು ನೋಡದೆ ಅಂತಿಮವಾಗಿ ಹೇಳುವುದು ತಪ್ಪಾಗುತ್ತದೆ, ಆದರೆ ಯಾವ ಷರತ್ತುಗಳನ್ನು ಓದಬೇಕೆಂದು ಹೇಳಬಲ್ಲೆ. ನಮ್ಮ ದೇಶದಲ್ಲಿ ದೀರ್ಘಕಾಲದಿಂದ ಚಾಲ್ತಿಯಲ್ಲಿರುವ ಸಾಮಾನ್ಯ ಅಗ್ನಿ ವಿಮೆಯಲ್ಲಿ, ವಸ್ತು ತನ್ನೊಳಗಿನ ಶಾಖದಿಂದ ತಾನೇ ಹೊತ್ತಿಕೊಂಡರೆ ಆ ವಸ್ತುವಿಗೂ, ಬಿಸಿ ಮಾಡುವ ಅಥವಾ ಒಣಗಿಸುವ ಪ್ರಕ್ರಿಯೆಗೆ ಒಳಪಟ್ಟಿದ್ದಾಗ ಹಾಳಾದ ವಸ್ತುವಿಗೂ ಪರಿಹಾರವಿಲ್ಲ ಎಂಬ ಷರತ್ತು ಇದೆ. ಇದು ಲಾಂಡ್ರಿ ಮಾಲೀಕರು ಮೊದಲು ಓದಬೇಕಾದ ಸಾಲು, ಹೆಚ್ಚಿನವರು ಕೊನೆಗೆ ಓದುವ ಸಾಲೂ ಅದೇ. ಆ ಷರತ್ತು ಡ್ರಮ್ಮಿನೊಳಗಿದ್ದ ಟವೆಲುಗಳಿಗೆ ಅನ್ವಯಿಸುತ್ತದೆ. ಅಲ್ಲಿಂದ ಹಬ್ಬಿದ ಬೆಂಕಿಯಿಂದ ಹಾಳಾದ ಗೋಡೆ, ವೈರಿಂಗ್, ಕಪಾಟುಗಳಿಗೆ ಅನ್ವಯಿಸುವುದಿಲ್ಲ. 5 ಕೋಟಿ ರೂಪಾಯಿವರೆಗಿನ ಆಸ್ತಿಯುಳ್ಳ ಸಣ್ಣ ಉದ್ಯಮಗಳಿಗೆ 2021ರ ಏಪ್ರಿಲ್ 1ರಿಂದ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಎಂಬ ಪಾಲಿಸಿ ಬಂದಿದೆ. ನಿಮ್ಮದು ಯಾವುದೆಂದು ನೋಡಿ, ಎರಡರ ಷರತ್ತುಗಳ ಮಾತು ಬೇರೆಬೇರೆ.

ಸೀರೆ ಮೊದಲಾದ ಗಿರಾಕಿಗಳ ಬಟ್ಟೆಗಳು ನಿಮ್ಮ ಸ್ವತ್ತಲ್ಲ, ನಿಮ್ಮ ವಶದಲ್ಲಿದ್ದ ಪರರ ಸ್ವತ್ತು. ಅಂಥವು ಪಾಲಿಸಿಯಲ್ಲಿ ಪ್ರತ್ಯೇಕವಾಗಿ ನಮೂದಾಗಿದ್ದರೆ ಮಾತ್ರ ಸಾಮಾನ್ಯವಾಗಿ ರಕ್ಷಣೆ ಸಿಗುತ್ತದೆ. ನಮೂದಾಗಿರದಿದ್ದರೆ ವಿಮೆಯವರು ಹೇಳಿದ್ದು ಬಹುಶಃ ಸರಿಯಿರುತ್ತದೆ. ಆದರೆ ಅದರಿಂದ ಗಿರಾಕಿಗಳ ಎದುರಿನ ನಿಮ್ಮ ಹೊಣೆ ಕಳೆಯುವುದಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 151ನೆಯ ಕಲಮಿನ ಪ್ರಕಾರ, ಪರರ ವಸ್ತುವನ್ನು ವಶದಲ್ಲಿಟ್ಟುಕೊಂಡವರು ವಿವೇಕವಂತ ಮನುಷ್ಯನು ಅಂಥದ್ದೇ ಸಂದರ್ಭದಲ್ಲಿ ತನ್ನ ಸ್ವಂತ ವಸ್ತುವನ್ನು ನೋಡಿಕೊಳ್ಳುವಷ್ಟು ಎಚ್ಚರಿಕೆ ವಹಿಸಬೇಕು. ಅಷ್ಟು ಎಚ್ಚರಿಕೆ ವಹಿಸಿದ್ದರೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, 152ನೆಯ ಕಲಮಿನಂತೆ ಹೊಣೆ ಬರುವುದಿಲ್ಲ. ನಿಮ್ಮ ಪ್ರಕರಣದಲ್ಲಿ ಬಿಸಿ ಬಟ್ಟೆಯನ್ನು ಒಳಗಿಟ್ಟು ಬೀಗ ಹಾಕಿದ್ದು ಪ್ರಶ್ನೆಯಾಗುತ್ತದೆ, ಆದ್ದರಿಂದ ಸೀರೆಯವರೊಂದಿಗೆ ಮಾತುಕತೆಯಲ್ಲಿ ಬಗೆಹರಿಸಿಕೊಳ್ಳುವುದು ಸೂಕ್ತ. ಇನ್ನು ಮುಂದಾದರೂ ಪಾಲಿಸಿ ನವೀಕರಿಸುವಾಗ ಪರರ ಬಟ್ಟೆಗಳ ಅಂದಾಜು ಮೌಲ್ಯ ನಮೂದಿಸಿ, ಮತ್ತು ಜಾಲರಿ, ಕೊಳವೆ, ಬರ್ನರ್ ಶುಚಿ ಮಾಡಿದ ದಿನಾಂಕಗಳನ್ನು ಒಂದು ಪುಸ್ತಕದಲ್ಲಿ ಸಹಿ ಸಮೇತ ಬರೆದಿಡಿ. ನಾವು ಸ್ಥಳಕ್ಕೆ ಬಂದಾಗ ಮೊದಲು ಕೇಳುವುದು ಅದನ್ನೇ.

ಪ್ರಶ್ನೆ ಕೇಳಿದವರು

ಧನ್ಯವಾದಗಳು. ಸೀರೆಯವರ ಮನೆಗೆ ಇಂದು ಸಂಜೆ ತಂದೆಯವರೊಂದಿಗೆ ಹೋಗುತ್ತಿದ್ದೇನೆ. ವಿಮೆ ಬರಲಿ ಬಾರದಿರಲಿ, ಅದರ ಬೆಲೆಯನ್ನು ಕಂತುಗಳಲ್ಲಾದರೂ ಕೊಡುವುದೆಂದು ಮನೆಯಲ್ಲಿ ನಿಶ್ಚಯಿಸಿದ್ದೇವೆ. ಚಿಕಿತ್ಸಾಲಯದವರು ಹಳೆಯ ಟವೆಲುಗಳನ್ನು ಬದಲಾಯಿಸಲು ಒಪ್ಪಿದ್ದಾರೆ. ಹೊಸವು ಬರುವವರೆಗೆ ಅವರ ಟವೆಲುಗಳನ್ನು ತಾರಸಿಯಲ್ಲಿ ಹಗ್ಗ ಕಟ್ಟಿ ಒಣಗಿಸುತ್ತಿದ್ದೇವೆ. ಮಳೆ ಬಂದ ದಿನ ಕೆಲಸ ಒಂದು ದಿನ ತಡವಾಗುತ್ತದೆಂದು ಅವರಿಗೆ ತಿಳಿಸಿದ್ದೇನೆ. ಗ್ಯಾಸಿನ ವಾಲ್ವ್ ಹೊರಗೋಡೆಗೆ ಬಂದಿದೆ. ಜನರೇಟರ್‌ಗೆ ದರ ವಿಚಾರಿಸುತ್ತಿದ್ದೇನೆ. ಡ್ರಮ್ ಮತ್ತು ಬ್ಲೋವರ್ ಮಾತ್ರ ತಿರುಗುವಂತೆ ವೈರಿಂಗ್ ಮಾಡಿಕೊಡಬಲ್ಲವರು ಮೈಸೂರಿನಲ್ಲಿ ಯಾರಾದರೂ ಈ ಚರ್ಚೆಯನ್ನು ಓದುತ್ತಿದ್ದರೆ ದಯವಿಟ್ಟು ಇಲ್ಲಿಯೇ ಉತ್ತರಿಸಿ.